ತಗಡಿನಲ್ಲೊಂದು ಕಣ್ಣು

ತಮಿಳಿನಲ್ಲಿ ಸೂಜಿಗೆ ಕಿವಿ, ಕನ್ನಡದಲ್ಲಿ ಕಣ್ಣು. ಮದ್ರಾಸಿನ ಬಳಿಯ ತಿರುವೊಟ್ಟಿಯೂರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಪಾಟಿ, ಎಂದರೆ ಅಜ್ಜಿ, ಸೂಜಿ, ದಾರ ಎರಡನ್ನೂ ನನ್ನ ಕೈಗಿತ್ತು, ‘ಕಾದು’ ಕಾಣಿಸುತ್ತಿಲ್ಲ, ಪೋಣಿಸಿಕೊಡು ಎಂದಾಗ ನನಗೆ ಇದು ಗೊತ್ತಾದದ್ದು. ನಮ್ಮವರು ಆ ಪುಟ್ಟ ತೂತು ತಮ್ಮತ್ತ ನೋಡುವುದನ್ನು ಕಂಡರು, ಅವರು ಅದರಲ್ಲಿ ದಾರ ಓಲೆಯಂತೆ ತೂಗುವುದನ್ನು ಕಂಡರು. ಲೋಹದ ನಡುವೆ ಲೋಹವಿಲ್ಲದ ಅಷ್ಟೇ ಅಷ್ಟು ಜಾಗಕ್ಕೆ ಎರಡು ಭಾಷೆಗಳೂ ಒಂದೊಂದು ಇಂದ್ರಿಯವನ್ನು ದಾನ ಮಾಡಿವೆ.

ಇದೇ ಊರಿನ ಕಡಲ ದಂಡೆಯಲ್ಲಿ ಪಟ್ಟಿನತ್ತಾರರ ಸಮಾಧಿಯಿದೆ. ಅವರು ಕಾವೇರಿಪೂಂಪಟ್ಟಿಣದ ಸಿರಿವಂತ ವರ್ತಕರು. ಸಾಕುಮಗ ಹಡಗಿನ ವ್ಯಾಪಾರಕ್ಕೆ ಹೋಗಿ ಹಿಂದಿರುಗಿದವನು ಅಪ್ಪನಿಗೆಂದು ಒಂದು ಪೆಟ್ಟಿಗೆ ಬಿಟ್ಟು ಕಣ್ಮರೆಯಾದನಂತೆ. ತೆರೆದು ನೋಡಿದರೆ ಒಂದು ಓಲೆಗರಿ, ಒಂದು ತೂತಿಲ್ಲದ ಸೂಜಿ. ಕೊನೆಯ ದಾರಿಯಲ್ಲಿ ಇದು ಕೂಡ ಜೊತೆಗೆ ಬರುವುದಿಲ್ಲ ಎಂಬುದು ಓಲೆಯ ತಾತ್ಪರ್ಯ. ವರ್ತಕರು ಎಲ್ಲವನ್ನೂ ಬಿಟ್ಟು ಹೊರಟರು, ಅಲೆದಲೆದು ಇಲ್ಲಿ ಬಂದು ನಿಂತರು. ಕಥೆ ಕೇಳಿದ ದಿನದಿಂದ ನನ್ನ ಮನಸ್ಸು ವೈರಾಗ್ಯದ ಕಡೆ ಹೋಗದೆ ಸೂಜಿಯ ಕಡೆಗೇ ಹೋಗುತ್ತಿದೆ. ಸೂಜಿ ಎಂದಿದ್ದರೆ ಸಾಲುತ್ತಿರಲಿಲ್ಲವೇ? ತೂತಿಲ್ಲದ ಸೂಜಿಯೇ ಏಕೆ? ಲೋಕದಲ್ಲಿ ಅದಕ್ಕಿಂತ ಕೆಲಸಕ್ಕೆ ಬಾರದ ವಸ್ತು ಸಿಗಲಿಲ್ಲವೆಂದು ತೋರುತ್ತದೆ. ತೂತಿಲ್ಲದಿದ್ದರೆ ಅದು ಚೂಪಾದ ಒಂದು ತಂತಿಯ ತುಂಡು. ಯಾವುದನ್ನೂ ಯಾವುದಕ್ಕೂ ಸೇರಿಸಲಾರದು.

ನನ್ನ ಮನೆಯಲ್ಲೂ ಒಂದು ಪೆಟ್ಟಿಗೆಯಿದೆ. ಇದು ಅಪ್ಪ ಮಗಳಿಗೆ ಕೊಟ್ಟದ್ದು. ನಾಲ್ಕು ಬಗೆಯ ಅರ, ಸೆಂಟರ್ ಪಂಚ್, ಉಕ್ಕಿನ ಸ್ಕೇಲು, ತಗಡು ಕತ್ತರಿ, ಬಟ್ಟೆಯಲ್ಲಿ ಸುತ್ತಿಟ್ಟ ಡ್ರಿಲ್ ಬಿಟ್ಟುಗಳು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ನುಣುಪಾದ ಉಕ್ಕಿನ ಗಟ್ಟಿ. ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಕಿರಣ್ ತರಬೇತಿ ವಿಮಾನದ ರೆಕ್ಕೆಗಳಿಗೆ ರಿವೆಟ್ ಹೊಡೆದ ಕೈ ಅದು. ನಿವೃತ್ತಿಯಾದ ಮೇಲೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದೊಂದಾಗಿ ಕೊಂಡು ಈ ಪೆಟ್ಟಿಗೆಯನ್ನು ತುಂಬಿದರು. ಯಾತಕ್ಕೆಂದು ನಾವ್ಯಾರೂ ಕೇಳಲಿಲ್ಲ. ಈಗ ಅದು ಟೋಲ್‌ಗೇಟ್ ಬಳಿಯ ನಮ್ಮ ಮನೆಯ ಮಹಡಿಯ ಮೇಲೆ, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಒಂದು ಹಳೆಯ ಮೇಜು ಹಿಡಿದು ಕೂತಿದೆ.

ನಾನು ವಿಮಾನ ಕಟ್ಟುತ್ತಿಲ್ಲ. ಮನೆಯಲ್ಲಿ ವಿಮಾನ ಕಟ್ಟುವವರು ಮೊಟ್ಟಮೊದಲು ಮಾಡುವ ಅಭ್ಯಾಸದ ತುಂಡೊಂದನ್ನು ಮಾಡುತ್ತಿದ್ದೇನೆ, ಅಷ್ಟೇ. ಮೊಳದುದ್ದದ ಎರಡು ತಗಡು, ನಡುವೆ ಎರಡು ಪಕ್ಕೆಲುಬು, ಅವನ್ನು ಬೆಸೆಯುವ ರಿವೆಟ್ಟುಗಳು. ಮುಗಿದರೆ ಯಾವುದೋ ವಿಮಾನದ ಬಾಲದಿಂದ ಕತ್ತರಿಸಿ ತಂದ ಹೋಳಿನಂತೆ ಕಾಣಬೇಕು. ಮುಂಬೈಯ ಕಾಂದಿವಲಿಯಲ್ಲಿ ಅಮೋಲ್ ಯಾದವ್ ತಾವು ವಾಸವಿದ್ದ ಕಟ್ಟಡದ ಮಹಡಿಯ ಮೇಲೆಯೇ ಆರು ಆಸನದ ವಿಮಾನ ಕಟ್ಟಿ, 2016ರಲ್ಲಿ ಅದನ್ನು ಕೆಳಗಿಳಿಸಿ ಪ್ರದರ್ಶನಕ್ಕೆ ಒಯ್ದರು. 2017ರಲ್ಲಿ ಅದಕ್ಕೆ ನೋಂದಣಿಯೂ ಸಿಕ್ಕಿತು. ಆ ಸುದ್ದಿ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಮಾನವಲ್ಲ, ಮಹಡಿ. ಹಪ್ಪಳ ಒಣಗಿಸುವ ಜಾಗದಲ್ಲಿ ರೆಕ್ಕೆ!

ತಗಡಿಗೆ ತೂತು ಹಾಕುವುದು ಎಂದರೆ ಏನೆಂದು ನನಗೆ ಗೊತ್ತಿದೆಯೆಂದೇ ಭಾವಿಸಿದ್ದೆ. ಮೊದಲು ಗುರುತು ಹಾಕಬೇಕು. ಪೆನ್ಸಿಲ್ ಕೂಡದು. ಅದರ ಸೀಸದ ಕಡ್ಡಿ ಗ್ರಾಫೈಟು; ಅಲ್ಯೂಮಿನಿಯಂ ಮೇಲೆ ಅದರ ಗೆರೆ ಉಳಿದರೆ, ತೇವ ಸೇರಿದಾಗ ಆ ಗೆರೆಯಗುಂಟವೇ ಲೋಹ ಕೊರೆದುಹೋಗುತ್ತದೆ. ಸಮುದ್ರದಿಂದ ಕೂಗಳತೆಯ ದೂರದಲ್ಲಿರುವ ನಮ್ಮ ಮಹಡಿಯಲ್ಲಂತೂ ತೇವಕ್ಕೂ ಉಪ್ಪಿಗೂ ಬರವಿಲ್ಲ. ಚೂಪು ಮೊನೆಯಿಂದ ಗೀಚುವುದಂತೂ ಬೇಡವೇ ಬೇಡ, ಗೀರು ಮುಂದೆ ಬಿರುಕಾಗುತ್ತದೆ. ಸ್ಕೆಚ್ ಪೆನ್ನಿನಿಂದ ಗುರುತು, ಅದರ ಮೇಲೆ ಪಂಚ್ ಇಟ್ಟು ಹಗುರವಾಗಿ ಒಂದು ಏಟು, ಸಣ್ಣ ಬಿಟ್ಟಿನಿಂದ ಒಂದು ತೂತು, ಆಮೇಲೆ ಅಳತೆಯ ಬಿಟ್ಟಿನಿಂದ ಅದೇ ತೂತು. ರಿವೆಟ್ಟಿನ ದಪ್ಪ 2.4 ಮಿಲಿಮೀಟರಾದರೆ ತೂತು 2.5. ನಡುವಿನ ಅವಕಾಶ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಹೊಡೆದಾಗ ರಿವೆಟ್ಟಿನ ಒಡಲು ಉಬ್ಬಿ ಆ ಅವಕಾಶವನ್ನು ತಾನೇ ತುಂಬಿಕೊಳ್ಳುತ್ತದೆ. ತಗಡಿನ ಅಂಚಿನಿಂದ ತೂತಿನ ನಡುವಿಗೆ ರಿವೆಟ್ಟಿನ ದಪ್ಪದ ಎರಡರಷ್ಟಾದರೂ ದೂರವಿರಬೇಕು.

ಅಲ್ಲಿಗೆ ಅರ್ಧ ಮಾತ್ರ ಮುಗಿಯಿತು. ಬಿಟ್ಟು ಹೊರಬಂದಾಗ ತೂತಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಜೂಲು ಎದ್ದಿರುತ್ತದೆ. ಅದನ್ನು ಅಪ್ಪ ‘ಬರ್’ ಅನ್ನುತ್ತಾರೆ, ಎಲ್ಲ ಕಾರ್ಖಾನೆಗಳಲ್ಲೂ ಹಾಗೇ ಅನ್ನುತ್ತಾರೆ. ದೊಡ್ಡ ಬಿಟ್ಟನ್ನು ಬೆರಳುಗಳ ನಡುವೆ ಹಿಡಿದು ತೂತಿನ ಬಾಯಿಗೆ ಇಟ್ಟು ಒಂದು ಸುತ್ತು, ಬೇಕಾದರೆ ಅರ್ಧ ಸುತ್ತು ಹೆಚ್ಚು. ಮಗುವಿನ ಬಾಯಿಯಿಂದ ಅನ್ನದಗುಳು ಒರೆಸಿದ ಹಾಗೆ. ಎರಡೂ ಕಡೆ. ಪ್ರತಿ ತೂತಿಗೂ. ಮನೆಯಲ್ಲಿ ಕಟ್ಟುವ ಒಂದು ಸಣ್ಣ ಲೋಹದ ವಿಮಾನದಲ್ಲಿ ಇಂಥ ತೂತುಗಳು ಸಾವಿರಗಟ್ಟಲೆ.

ಇನ್ನೊಂದು ಸಂಗತಿ ನನಗೆ ತಿಳಿದಿರಲಿಲ್ಲ. ತೂತು ಹಾಕಿದ ತಗಡು, ಪಕ್ಕೆಲುಬುಗಳನ್ನು ಸ್ಪ್ರಿಂಗಿನ ಪುಟ್ಟ ಪಿನ್ನುಗಳಿಂದ ಜೋಡಿಸಿ ಇಡೀ ಭಾಗವನ್ನು ನಿಲ್ಲಿಸುತ್ತಾರೆ. ಅಪ್ಪ ಅವನ್ನು ಸ್ಕಿನ್ ಪಿನ್ ಅನ್ನುತ್ತಾರೆ, ಈಗಿನವರು ಕ್ಲೀಕೊ ಅನ್ನುತ್ತಾರೆ. ಆಗ ಅದು ಮುಳ್ಳುಹಂದಿಯಂತೆ ಕಾಣುತ್ತದೆ, ಆದರೂ ಆಕಾರ ಬಂದಿರುತ್ತದೆ. ಕೈಯಲ್ಲಿ ರೆಕ್ಕೆ ಇದೆ! ಮರುಕ್ಷಣವೇ ಎಲ್ಲವನ್ನೂ ಬಿಚ್ಚಬೇಕು. ಬರ್ ತೆಗೆದು, ತೊಳೆದು, ತುಕ್ಕು ತಡೆಯುವ ಹಸಿರು ಪ್ರೈಮರ್ ಬಳಿದು, ಮತ್ತೆ ಜೋಡಿಸಿ, ಆಮೇಲಷ್ಟೇ ರಿವೆಟ್ಟು. ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕಿ ಮೈಗೆ ಹಿಡಿದು ನೋಡಿ ಬಿಚ್ಚುವುದಿಲ್ಲವೇ, ಹಾಗೆಯೇ ವಿಮಾನವೂ ಹುಟ್ಟುವ ಮೊದಲು ಎಷ್ಟೋ ಸಲ ಇಡಿಯಾಗಿ, ಎಷ್ಟೋ ಸಲ ಬಿಡಿಯಾಗುತ್ತದೆ.

ಈ ತಗಡು, ಈ ತೂತು ಎರಡರ ಸಲುವಾಗಿಯೂ 1898ನೇ ಇಸವಿಯ ಬಗ್ಗೆ ಎರಡು ಮಾತು ಹೇಳಬೇಕು. ಆ ವರ್ಷ ಇಲ್ಲಿಂದ ಬಹಳ ದೂರವಲ್ಲದ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರ್ ತಾಮ್ರ, ಹಿತ್ತಾಳೆ ಬಡಿಯುತ್ತಿದ್ದ ಕಂಚುಗಾರರ ಕೈಗೆ ಅಲ್ಯೂಮಿನಿಯಂ ಕೊಟ್ಟು ಪಾತ್ರೆ ಮಾಡಿಸಲು ತೊಡಗಿದರು. ಭಾರತದ ಅಲ್ಯೂಮಿನಿಯಂ ಪಾತ್ರೆಗಳ ಉದ್ಯಮ ಹುಟ್ಟಿದ್ದು ಹೀಗೆ. ಅದೇ ಚಾಟರ್ಟನ್ 1912ರಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕರಾಗಿ ಬಂದರು. ರೈಟ್ ಸಹೋದರರು ಹಾರಲು ಇನ್ನೂ ಐದು ವರ್ಷವಿದ್ದಾಗಲೇ ಮದ್ರಾಸಿನ ಯಾರದೋ ಸುತ್ತಿಗೆಯ ಕೆಳಗೆ ವಿಮಾನದ ಲೋಹ ಕೊಡವಾಗಿ, ತಂಬಿಗೆಯಾಗಿ ಬಗ್ಗುವುದನ್ನು ಕಲಿಯುತ್ತಿತ್ತು. ಅದೇ 1898ರಲ್ಲಿ ಜರ್ಮನಿಯ ಕಿರ್ಷ್ ಎಂಬ ಎಂಜಿನಿಯರ್ ಒಂದು ಲೆಕ್ಕವನ್ನು ಪ್ರಕಟಿಸಿದರು. ಅಗಲವಾದ ತಗಡಿನ ನಡುವೆ ಒಂದು ದುಂಡನೆಯ ತೂತಿದ್ದು, ತಗಡನ್ನು ಎಳೆದರೆ, ತೂತಿನ ಅಂಚಿನಲ್ಲಿ ಲೋಹ ಅನುಭವಿಸುವ ಎಳೆತ ಉಳಿದ ಕಡೆಗಿಂತ ಮೂರು ಪಟ್ಟು. ತೂತು ಚಿಕ್ಕದಾದರೂ ಅಷ್ಟೇ, ದೊಡ್ಡದಾದರೂ ಅಷ್ಟೇ. ನದಿಯ ನಡುವಿನ ಬಂಡೆಯ ಎರಡು ಮಗ್ಗುಲಲ್ಲಿ ನೀರು ಒತ್ತರಿಸಿ ಓಡುವಂತೆ, ತೂತಿನ ಎರಡು ಮಗ್ಗುಲಲ್ಲಿ ಬಲ ಒತ್ತರಿಸಿ ಸಾಗುತ್ತದೆ. ಅಪ್ಪ ಕಿರ್ಷನ ಹೆಸರು ಕೇಳಿದವರಲ್ಲ. ಆದರೆ “ಬರ್ ತೆಗೆದ್ಯೇನಮ್ಮ?” ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರಲ್ಲ, ಅದು ಕಿರ್ಷನ ಲೆಕ್ಕವೇ. ಮೂರು ಪಟ್ಟು ಭಾರ ಹೊರುವ ಅಂಚಿನಲ್ಲಿ ಕೂದಲೆಳೆಯ ಗೀರೂ ಇರಬಾರದು.

ಅದು ಇದ್ದರೆ ಏನಾದೀತೆಂದು ಜಗತ್ತು ಕಂಡದ್ದು 1954ರಲ್ಲಿ. ಕಾಮೆಟ್ ಜೆಟ್ ವಿಮಾನಗಳೆರಡು, ಜನವರಿಯಲ್ಲಿ ಒಂದು, ಏಪ್ರಿಲಿನಲ್ಲಿ ಒಂದು, ಮೆಡಿಟರೇನಿಯನ್ ಮೇಲೆ ಆಕಾಶದಲ್ಲೇ ಒಡೆದುಹೋದವು. ಫಾರ್ನ್‌ಬರೋದಲ್ಲಿ ಇಡೀ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದರು. ಲೋಹ ದಣಿದಿತ್ತು. ಬಿರುಕು ಹುಟ್ಟಿದ್ದು ಒಡಲಿನ ತೆರಪೊಂದರ ಮೂಲೆಯ ಹತ್ತಿರ, ರಿವೆಟ್ಟಿನ ತೂತಿನ ಮಗ್ಗುಲಲ್ಲಿ.

ಹೀಗಿದ್ದರೂ, ವಿಮಾನದ ತಗಡಿನಲ್ಲಿ ಸಣ್ಣ ಬಿರುಕೊಂದು ಕಂಡರೆ ಕೆಲಸಗಾರರು ಮಾಡುವ ಮೊದಲ ಉಪಾಯ ಯಾವುದು ಗೊತ್ತೇ? ಬಿರುಕಿನ ತುದಿಯನ್ನು ಹುಡುಕಿ ಅಲ್ಲೊಂದು ತೂತು ಹಾಕುತ್ತಾರೆ. ಸ್ಟಾಪ್ ಡ್ರಿಲ್ ಅನ್ನುತ್ತಾರೆ. ಬಿರುಕಿನ ತುದಿ ಸೂಜಿಗಿಂತ ಚೂಪು. ಬಲವೆಲ್ಲ ಆ ಮೊನೆಗೇ ಬಂದು ನಿಂತು ಅದನ್ನು ಮುಂದೆ ದೂಡುತ್ತಿರುತ್ತದೆ. ಆ ಮೊನೆಯನ್ನು ದುಂಡಗೆ ಮಾಡಿದರೆ ಬಲ ಸುತ್ತಿಕೊಂಡು ಹೋಗುತ್ತದೆ, ಬಿರುಕು ಅಲ್ಲೇ ತಂಗುತ್ತದೆ. ಹುಟ್ಟುವುದೂ ತೂತಿನಲ್ಲಿ, ತಡೆಯುವುದೂ ತೂತೇ. ಇದನ್ನು ಅಪ್ಪ ಮೊದಲ ಸಲ ಹೇಳಿದ ಸಂಜೆ ನಾನು ಮಹಡಿಯ ಗೋಡೆಗೊರಗಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕೆಳಗೆ ಹೆದ್ದಾರಿಯಲ್ಲಿ ಎಣ್ಣೂರಿನ ಕಡೆ ಹೋಗುವ ಟ್ರಕ್ಕುಗಳು ಸಾಲುಗಟ್ಟಿದ್ದವು. ತೂತನ್ನು ಕೊರತೆಯೆಂದೇ ತಿಳಿದು ಬೆಳೆದವಳು ನಾನು. ಮನೆಮುರುಕರಿಗೆ ನಾವು ಅನ್ನುವುದೇ ‘ಉಂಡ ಮನೆಗೆ ಕನ್ನ ಹಾಕಿದವರು’ ಎಂದು. ಪಾತ್ರೆಗೆ ತೂತು, ಜೇಬಿಗೆ ತೂತು, ದೋಣಿಗೆ ತೂತು ಎಂದರೆ ನಷ್ಟವೆಂದೇ ಅರ್ಥ.

ದೋಣಿ ಎಂದೊಡನೆ ನೆನಪಾಯಿತು. ಇಲ್ಲಿನ ಮೀನುಗಾರರ ಕುಪ್ಪಂಗಳಲ್ಲಿ ಈಗ ಹೆಚ್ಚಾಗಿ ಫೈಬರ್ ದೋಣಿಗಳು. ಮೊದಲು ಇದ್ದದ್ದು ಕಟ್ಟುಮರ. ಆ ತಮಿಳು ಪದ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಕಟ್ಟಿದ ಮರ. ನಾಲ್ಕೈದು ದಿಮ್ಮಿಗಳನ್ನು ಒತ್ತಾಗಿಟ್ಟು ಹಗ್ಗದಿಂದ ಬಿಗಿದರೆ ಮುಗಿಯಿತು. ಮೊಳೆಯಿಲ್ಲ, ತೂತಿಲ್ಲ, ಲೋಹವೇ ಇಲ್ಲ. ಅಲೆ ಬಂದರೆ ದಿಮ್ಮಿಗಳು ಒಂದಿಷ್ಟು ಸರಿದು ಮತ್ತೆ ಕೂಡಿಕೊಳ್ಳುತ್ತವೆ. ನೀರು ಒಳಗೆ ಬಂದರೂ ಒಳಗು ಎಂಬುದೇ ಇಲ್ಲವಲ್ಲ. ನೀರಿನ ಮೇಲೆ ಹೋಗಲು ಕಟ್ಟಿದರೆ ಸಾಕು, ಗಾಳಿಯ ಮೇಲೆ ಹೋಗಲು ಚುಚ್ಚಲೇಬೇಕು. ಏಕೆಂದರೆ ಗಾಳಿಗೆ ದಿಮ್ಮಿಯ ದಪ್ಪ ಬೇಡ. ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ತಗಡು ಸಾಕು, ಆದರೆ ಅಷ್ಟು ತೆಳ್ಳಗಿನದನ್ನು ಹಗ್ಗದಿಂದ ಬಿಗಿಯಲಾಗದು, ಅಂಗುಲಕ್ಕೊಂದರಂತೆ ಪೋಣಿಸಬೇಕು.

ತಿರುವೊಟ್ಟಿಯೂರನ್ನು ಹೊರಗಿನವರು ಕಬ್ಬಿಣ, ರಬ್ಬರು, ಬೆಂಕಿಕಡ್ಡಿಯ ಊರೆಂದು ಬಲ್ಲರು. ವಿಮ್ಕೋ ಬೆಂಕಿಪೆಟ್ಟಿಗೆಯ ಕಾರ್ಖಾನೆ ಒಂದು ಬಡಾವಣೆಗೇ ಹೆಸರು ಕೊಟ್ಟಿದೆ. ಎಂಆರ್‌ಎಫ್ ಇಲ್ಲಿನ ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡುತ್ತ ಆರಂಭವಾಯಿತು. ರಾಯಲ್ ಎನ್‌ಫೀಲ್ಡ್ ಬುಲೆಟ್ಟುಗಳು ಇಲ್ಲಿ ತಯಾರಾಗಿ ದೇಶದ ಮೂಲೆಮೂಲೆಗೆ ಹೋದವು. ಅವುಗಳ ಟ್ಯಾಂಕಿನ ಮೇಲಿನ ಬಂಗಾರದ ಗೆರೆಯನ್ನು ಯಂತ್ರವಲ್ಲ, ಕುಂಚ ಹಿಡಿದ ಕೈ ಎಳೆಯುತ್ತಿತ್ತು. ಅದೇ ಎನ್‌ಫೀಲ್ಡ್ ಕಂಪನಿ ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಒಂದು ಪುಟ್ಟ ಮೋಟಾರ್‌ಸೈಕಲ್ ಮಾಡಿತ್ತು. ಪ್ಯಾರಾಚೂಟ್ ಕಟ್ಟಿ ವಿಮಾನದಿಂದ ಕೆಳಗೆ ಬಿಡುವಂಥದ್ದು. ಅದನ್ನು ‘ಫ್ಲೈಯಿಂಗ್ ಫ್ಲೀ’ ಎಂದರು, ಹಾರುವ ಚಿಗಟ. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಅದೇ ಹೆಸರು ಪಡೆದಿದ್ದು ಫ್ರಾನ್ಸಿನ ಆಂರಿ ಮಿನ್ಯೆ 1933ರಲ್ಲಿ ಹಾರಿಸಿದ ಪುಟ್ಟ ವಿಮಾನ. ಮೋಟಾರ್‌ಸೈಕಲ್ಲಿನ ಎಂಜಿನ್ ಇಟ್ಟು, ಯಾರು ಬೇಕಾದರೂ ಮನೆಯಲ್ಲೇ ಕಟ್ಟಬಹುದಾದ ಮರದ ವಿಮಾನ ಅದು. ಮಿನ್ಯೆಯ ಪುಸ್ತಕ ಓದಿ ಯುರೋಪಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ರೆಕ್ಕೆಗಳು ಎದ್ದವು. ಕೆಲವರು ಸತ್ತರು. ಎರಡು ರೆಕ್ಕೆಗಳು ಒಂದಕ್ಕೊಂದು ತೀರ ಹತ್ತಿರವಿದ್ದುದರಿಂದ, ಮೂಗು ಕೆಳಗಾದಾಗ ಮತ್ತೆ ಮೇಲೆತ್ತಲು ಆಗುತ್ತಿರಲಿಲ್ಲವೆಂದು ಗಾಳಿಸುರಂಗದ ಪರೀಕ್ಷೆ ತೋರಿಸಿತು. 1936ರಲ್ಲಿ ಬ್ರಿಟನ್ ಅದರ ಹಾರಾಟವನ್ನು ನಿಲ್ಲಿಸಿತು. ಬೆಳಗ್ಗೆ ರಸ್ತೆಯಲ್ಲಿ ಬುಲೆಟ್ ಗುಡುಗಿದಾಗಲೆಲ್ಲ ನನಗೆ ಆ ಹಿತ್ತಿಲುಗಳು ನೆನಪಾಗುತ್ತವೆ. ಅವರನ್ನು ದುಡುಕಿದವರೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಮದ್ರಾಸಿಗೂ ಇಂಥವನೊಬ್ಬನಿದ್ದ. ಮೌಂಟ್ ರಸ್ತೆಯಲ್ಲಿ ಹೋಟೆಲು ನಡೆಸುತ್ತಿದ್ದ ಕಾರ್ಸಿಕಾದ ಜಾಕೊಮೊ ದಾಂಜೆಲಿಸ್. 1909ರ ಜುಲೈಯಲ್ಲಿ ಬ್ಲೆರಿಯೊ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಸುದ್ದಿ ಅವನ ತಲೆ ಹೊಕ್ಕಿತು. ಮರುವರ್ಷ ಮಾರ್ಚಿನಲ್ಲಿ ಮದ್ರಾಸಿನ ಜನ ಅವನ ವಿಮಾನ ನೆಲ ಬಿಟ್ಟು ಏಳುವುದನ್ನು ನೋಡಿದರು. ಅದನ್ನು ಕಟ್ಟಿಕೊಟ್ಟದ್ದು ಸಿಂಪ್ಸನ್ ಕಂಪನಿ, 1840ರಿಂದ ಸಾರೋಟು ಮಾಡುತ್ತಿದ್ದವರು. ನನ್ನ ಬೆರಗು ದಾಂಜೆಲಿಸನಿಗಿಂತ ಆ ಸಾರೋಟಿನ ಕೆಲಸಗಾರರ ಮೇಲೆ ಹೆಚ್ಚು. ಕುದುರೆಯ ಭಾರ, ಗುಂಡಿಯ ಏಟು, ದಪ್ಪ ಅಚ್ಚು, ಇವೇ ಅವರ ಕೈಗೆ ಗೊತ್ತಿದ್ದದ್ದು. ಒಂದು ದಿನ ಹೋಟೆಲಿನವನೊಬ್ಬ ಬಂದು, ಭಾರವೇ ಇರಬಾರದ ಬಂಡಿ ಬೇಕು ಎನ್ನುತ್ತಾನೆ. ಬೋಲ್ಟಿಗೆ ತೂತು ಎಲ್ಲಿ ಕೊರೆಯಬೇಕು, ಕಬ್ಬಿಣದ ಪಟ್ಟಿಯನ್ನು ಎಷ್ಟು ತೆಳ್ಳಗೆ ಅರದಿಂದ ಉಜ್ಜಬೇಕು ಎಂದು ಯಾವ ಗುರು ಹೇಳಿಕೊಟ್ಟಿದ್ದ? ಅವರ ಹೆಸರು ಎಲ್ಲೂ ಸಿಗುವುದಿಲ್ಲ. ನಾನು ತಗಡು ಹಿಡಿದು ಕೂತಾಗ ಆ ಕೈಗಳೂ ಮೇಜಿನ ಸುತ್ತ ಇರುತ್ತವೆ ಅನ್ನಿಸುತ್ತದೆ.

ರಿವೆಟ್ಟಿನ ಬಗ್ಗೆ ಇನ್ನೂ ಹೇಳಿಯೇ ಇಲ್ಲ. ಅಪ್ಪನ ಕಾರ್ಖಾನೆಯಲ್ಲಿ ಕೆಲವು ಜಾತಿಯ ರಿವೆಟ್ಟುಗಳು ಫ್ರಿಜ್ಜಿನಲ್ಲಿ ಇರುತ್ತಿದ್ದವು. ಚಿಕ್ಕವಳಿದ್ದಾಗ ಇದನ್ನು ಕೇಳಿ, ಮೊಳೆಗೂ ಹಾಲಿನ ಹಾಗೆ ಕೆಡುವ ಭಯವೇ ಎಂದು ಕೇಳಿದ್ದೆ. ಹೌದು, ಒಂದು ಲೆಕ್ಕದಲ್ಲಿ ಅದೇ ಎಂದಿದ್ದರು ಅಪ್ಪ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಬೆರೆಸಿದ ಅಲ್ಯೂಮಿನಿಯಮನ್ನು ಕಾಯಿಸಿ, ನೀರಿನಲ್ಲಿ ಅದ್ದಿ, ಗಟ್ಟಿತನ ಅಳೆದರು. ಸಾಧಾರಣವಾಗಿತ್ತು. ಕೆಲವು ದಿನ ಬಿಟ್ಟು ಮತ್ತೆ ಅದೇ ತುಂಡನ್ನು ಅಳೆದಾಗ ಅದು ತಾನಾಗಿಯೇ ಗಟ್ಟಿಯಾಗಿತ್ತು. ಯಾರೂ ಮುಟ್ಟಿರಲಿಲ್ಲ. ಅದೇ ಮುಂದೆ ಡ್ಯುರಾಲುಮಿನ್ ಆಯಿತು. ಏಕೆ ಹೀಗೆಂದು ಕ್ಷಕಿರಣ ಹಾಯಿಸಿ ಕಂಡುಕೊಂಡವರು 1938ರಲ್ಲಿ ಗಿನಿಯೆ ಮತ್ತು ಪ್ರೆಸ್ಟನ್, ಒಬ್ಬರಿಗೊಬ್ಬರು ತಿಳಿಯದೆ: ಒಳಗೆ ಚದುರಿದ್ದ ತಾಮ್ರದ ಪರಮಾಣುಗಳು ನಿಧಾನವಾಗಿ ಗುಂಪುಗೂಡುತ್ತವೆ, ಆ ಗುಂಪುಗಳು ಲೋಹದ ಪದರಗಳು ಜಾರದಂತೆ ತಡೆಯುತ್ತವೆ. ಇನ್ನೂ ಬೆರಗಿನ ಮಾತೆಂದರೆ, ರೈಟ್ ಸಹೋದರರ ಎಂಜಿನ್ನಿನ ಅಲ್ಯೂಮಿನಿಯಂ ಒಡಲಿನ ಚೂರನ್ನು 1994ರಲ್ಲಿ ಪರೀಕ್ಷಿಸಿದಾಗ ಅದರಲ್ಲೂ ಇದೇ ಕ್ರಿಯೆ ನಡೆದಿತ್ತು. ವಿಲ್ಮ್‌ಗಿಂತ ಮೂರು ವರ್ಷ ಮೊದಲೇ, ಯಾರಿಗೂ ಹೇಳದೆ, ಎರಕದ ಲೋಹ ತನ್ನಷ್ಟಕ್ಕೆ ಗಟ್ಟಿಯಾಗಿಕೊಂಡಿತ್ತು.

ಅದಕ್ಕೇ ಫ್ರಿಜ್ಜು. ಸುಮಾರು 490 ಡಿಗ್ರಿಗೆ ಕಾಯಿಸಿ ಅದ್ದಿದ ರಿವೆಟ್ಟು ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಚಳಿಯಲ್ಲಿಟ್ಟರೆ ಪರಮಾಣುಗಳು ನಡೆಯುವುದಿಲ್ಲ. ಹೊರಗೆ ತೆಗೆದ ಹತ್ತಿಪ್ಪತ್ತು ನಿಮಿಷದಲ್ಲಿ ಹೊಡೆದು ಮುಗಿಸಬೇಕು. ಆಮೇಲೆ ಹೊಡೆದರೆ ಬಿರಿಯುತ್ತದೆ. ನಾನು ಹೊಡೆಯುವುದು ಇನ್ನೊಂದು ಜಾತಿ, ತಲೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಒಂದು ಕುಳಿಯಿರುವ ರಿವೆಟ್ಟು. ಇದಕ್ಕೆ ಫ್ರಿಜ್ಜು ಬೇಡ.

ಅಪ್ಪ ಮೊನ್ನೆ ಬೆಂಗಳೂರಿನಿಂದ ಬಂದಿದ್ದಾರೆ. ಕಾರ್ಖಾನೆಯಲ್ಲಿ ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಗನ್ ಹಿಡಿದವರೊಬ್ಬರು. ಒಳಗೆ, ರೆಕ್ಕೆಯ ಗೂಡಿನಲ್ಲಿ ಕೈ ತೂರಿಸಿ ಉಕ್ಕಿನ ಗಟ್ಟಿಯನ್ನು, ಅದನ್ನು ಡಾಲಿ ಅನ್ನುತ್ತಾರೆ, ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿದವರೊಬ್ಬರು. ನಡುವೆ ತಗಡು, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಆದ್ದರಿಂದ ಒಳಗಿನವರು ರಿವೆಟ್ಟಿನ ಮೇಲೆ ತಟ್ಟಿ ಹೇಳುತ್ತಾರೆ. ಒಂದು ಸಲ ತಟ್ಟಿದರೆ, ಇನ್ನೂ ಹೊಡಿ. ಎರಡು ಸಲ, ಸರಿಯಾಗಿದೆ. ಮೂರು ಸಲ, ಕೆಟ್ಟಿದೆ, ತೆಗೆದುಬಿಡು. ನಮ್ಮ ಮನೆಯಲ್ಲಿ ಅಮ್ಮನ ಸಾರಿಗೂ ನನ್ನ ಅಂಕಪಟ್ಟಿಗೂ ಅಪ್ಪ ಊಟದ ಮಣೆಯ ಮೇಲೆ ಎರಡು ಸಲ ತಟ್ಟುತ್ತಿದ್ದುದರ ಅರ್ಥ ನನಗೆ ತಿಳಿದದ್ದು ಈ ಮೇಜು ಹಾಕಿದ ಮೇಲೆಯೇ.

ಇವತ್ತು ಬೆಳಗ್ಗೆ ಹನ್ನೆರಡು ರಿವೆಟ್ ಹೊಡೆದೆವು. ಅಪ್ಪ ಡಾಲಿ ಹಿಡಿದರು, ಕೈ ಒಂದಿಷ್ಟು ನಡುಗುತ್ತಿತ್ತು, ತಗಡಿಗೆ ತಾಗಿದೊಡನೆ ನಿಂತಿತು. ಮುಗಿದ ಮೇಲೆ ಕನ್ನಡಕ ಏರಿಸಿ ಒಂದೊಂದನ್ನೂ ಬೆರಳಿನಿಂದ ಸವರಿದರು. ಬಾಲದ ಕಡೆ ಅರಳಿದ ಗುಂಡಿಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು. ಹನ್ನೊಂದು ಸರಿಯಿದ್ದವು. ಒಂಬತ್ತನೆಯದರ ತೂತು ಕೊರೆಯುವಾಗ ಬಿಟ್ಟು ವಾಲಿತ್ತೇನೋ, ಗುಂಡಿ ಒಂದು ಪಕ್ಕಕ್ಕೆ ಜಾರಿ ಬಿದಿಗೆಯ ಚಂದ್ರನಂತಾಗಿತ್ತು. ನನಗೇನೋ ಅದು ಪರವಾಗಿಲ್ಲ ಅನ್ನಿಸಿತು. ಅಭ್ಯಾಸದ ತುಂಡು ತಾನೇ, ಇದು ಎಲ್ಲಿ ಹಾರಬೇಕು?

ಅಪ್ಪ ಏನೂ ಹೇಳಲಿಲ್ಲ. ಅದರ ತಲೆಯ ಮೇಲೆ ಉಗುರಿನಿಂದ ಮೂರು ಸಲ ತಟ್ಟಿದರು. ನಾನು ಬಟ್ಟೆಯ ಸುರುಳಿ ಬಿಚ್ಚಿ, ತೀರ ಸಣ್ಣ ಬಿಟ್ಟನ್ನು ಹುಡುಕಿ, ಅದರ ಮೊನೆಯನ್ನು ರಿವೆಟ್ಟಿನ ಹಣೆಯ ಕುಳಿಯ ನಡುವೆ ಇಟ್ಟೆ.